ಬೆಂಕಿಗೆ ಬಿದ್ದ ಹಸಿ ತೆಂಗಿನಕಾಯಿ

2024ರ ಯುಗಾದಿ ಕಳೆದ ಮೊದಲ ಶನಿವಾರ. ಇಲ್ಲಿ ಮಿಷಿಗನ್ನಿನಲ್ಲಿ ಏಪ್ರಿಲ್ ಎಂದರೆ ಬೆಳಿಗ್ಗೆ ಜಾಕೆಟ್, ಮಧ್ಯಾಹ್ನ ತೆಳು ಅಂಗಿ, ಸಂಜೆ ಮತ್ತೆ ಜಾಕೆಟ್. ಅಂಥ ಒಂದು ದಿನ ನಾನು ನನ್ನ ಅಂಗಡಿಯ ಹಿತ್ತಿಲಿಗೆ ಬೆಂಕಿ ಹಚ್ಚಲು ಒಪ್ಪಿಕೊಂಡು, ಕೈಯಲ್ಲಿ ನೀರಿನ ಪೈಪು ಹಿಡಿದು ನಿಂತಿದ್ದೆ. ಅಂದು ನಡೆದದ್ದನ್ನು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ನನ್ನ ಗಂಡನಿಗೂ ಬಾಯಿಪಾಠವಾಗಿಬಿಟ್ಟಿದೆ. ಆದರೂ ಬರೆದಿಡಬೇಕೆನಿಸಿತು. ಯಾಕೆಂದರೆ ಮಹೇಶ್ ಹೇಳುವಾಗ ತೆಂಗಿನಕಾಯಿಯ ಕಥೆಯನ್ನಷ್ಟೇ ಹೇಳಿ ನಗಿಸುತ್ತಾನೆ, ಹಕ್ಕಿಯ ಕಥೆಯನ್ನು ಬಿಟ್ಟುಬಿಡುತ್ತಾನೆ.

ಪ್ಲಿಮತ್‌ನಿಂದ ಪಶ್ಚಿಮಕ್ಕೆ ಇಪ್ಪತ್ತು ನಿಮಿಷ ಡ್ರೈವ್ ಮಾಡಿದರೆ ನನ್ನ ನರ್ಸರಿ ಸಿಗುತ್ತದೆ. ಕರಿಬೇವು, ತುಳಸಿ, ಮಲ್ಲಿಗೆ, ವೀಳ್ಯದೆಲೆ ಬಳ್ಳಿ, ಇಷ್ಟೇ ನನ್ನ ವ್ಯಾಪಾರ. ನಾನು ಹುಟ್ಟಿ ಬೆಳೆದ ದಾವಣಗೆರೆಯಲ್ಲಿ ಕರಿಬೇವೆಂದರೆ ತರಕಾರಿಯವಳು ಕೊಸರಿಗೆ ಹಾಕಿ ಕೊಡುವ ವಸ್ತು. ಇಲ್ಲಿ ಅದು ಮನೆಮಗಳಿದ್ದ ಹಾಗೆ. ಚಳಿಗಾಲ ಬಂದರೆ ಕುಂಡವನ್ನು ಲಿವಿಂಗ್ ರೂಮಿಗೆ ಎತ್ತಿಟ್ಟು, ದೀಪ ಹಾಕಿ, ಇಂಡಿಯಾಕ್ಕೆ ಹೋಗುವಾಗ ಪಕ್ಕದ ಮನೆಯವರ ಕೈಯಲ್ಲಿ ಒಪ್ಪಿಸಿ ಹೋಗುತ್ತಾರೆ. ಒಮ್ಮೆ ನೇಪರ್‌ವಿಲ್‌ನಿಂದ ಒಂದು ಕುಟುಂಬ ನಾಲ್ಕೂವರೆ ಗಂಟೆ ಕಾರಿನಲ್ಲಿ ಬಂದು, ಎರಡು ಗಿಡ ಕೊಂಡು, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು ಹೋಯಿತು. ಬೀಜದಿಂದ ಎಬ್ಬಿಸಿದ ಒಂದು ಕರಿಬೇವು ಮಾರುವ ಎತ್ತರಕ್ಕೆ ಬರಬೇಕಾದರೆ ಮೂರು ಬೇಸಿಗೆ ಬೇಕು. ಆ ಗಿಡಗಳೆಲ್ಲ ಚಳಿಗಾಲವಿಡೀ ಇರುವುದು ಒಂದೇ ಒಂದು ಗ್ರೀನ್‌ಹೌಸಿನಲ್ಲಿ. ಗ್ರೀನ್‌ಹೌಸ್ ಎಂದರೆ ಗಾಜಿನ ಅರಮನೆಯೇನಲ್ಲ, ಕಬ್ಬಿಣದ ಕಮಾನಿನ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿದ ಉದ್ದನೆಯ ಗೂಡು. ನನ್ನ ಬದುಕೆಲ್ಲ ಅದರೊಳಗಿದೆ.

ಗ್ರೀನ್‌ಹೌಸಿನ ಹಿಂದೆ ಮೂರು ಎಕರೆ ಪಾಳು ಜಾಗ. ಕೊಂಡಾಗಿನಿಂದ ಅದರೊಳಕ್ಕೆ ನಾನು ಸರಿಯಾಗಿ ಕಾಲಿಟ್ಟಿರಲಿಲ್ಲ. ಬಕ್‌ಥಾರ್ನ್ ಎಂಬ ಮುಳ್ಳಿನ ಪೊದೆ ಆಳೆತ್ತರ ಬೆಳೆದು ಕತ್ತಲೆ ಕವಿದಿತ್ತು. ಒಳಗೆ ಹೋಗಿ ಬಂದರೆ ಮೈತುಂಬ ರಕ್ತ ಹೀರುವ ಉಣ್ಣೆಹುಳ. ಒಂದು ಜೆಸಿಬಿ ತರಿಸಿ ಎಲ್ಲ ಸಪಾಟು ಮಾಡಿಸಿ, ಜಲ್ಲಿ ಹಾಕಿಸಿ, ಇನ್ನೊಂದು ಗ್ರೀನ್‌ಹೌಸ್ ಎಬ್ಬಿಸುವುದು ನನ್ನ ಯೋಜನೆಯಾಗಿತ್ತು. ಇಲ್ಲಿ ಅದಕ್ಕೆ ಜೆಸಿಬಿ ಎನ್ನುವುದಿಲ್ಲ, ಆದರೆ ನನ್ನ ಬಾಯಲ್ಲಿ ಬೇರೆ ಹೆಸರು ಬರುವುದಿಲ್ಲ. ಯಂತ್ರದವನ ಜೊತೆ ಮಾತೂ ಆಗಿತ್ತು.

ಅದರ ಹಿಂದಿನ ಶರತ್ಕಾಲದಲ್ಲಿ ಡೆಬ್ರಾ ಬಂದಳು. ಐವತ್ತೈದರ ಆಸುಪಾಸಿನ, ಗಟ್ಟಿ ದನಿಯ, ಮಾತಿಗೊಮ್ಮೆ ತಮಾಷೆ ಮಾಡುವ ಹೆಂಗಸು. ಪಿಕಪ್ ಟ್ರಕ್ ನಿಲ್ಲಿಸಿ, "ನಿಮ್ಮ ಹಿತ್ತಿಲಲ್ಲಿ ಒಂದು ದೊಡ್ಡ ಓಕ್ ಮರವಿದೆಯಲ್ಲ, ಅದರ ಕೆಳಗೆ ಬಿದ್ದ ಕಾಯಿ ಆರಿಸಿಕೊಳ್ಳಲಾ?" ಎಂದು ಕೇಳಿದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಈ ಸೀಮೆಯ ಮೂಲನಿವಾಸಿಗಳಾದ ಪೊಟವಾಟಮಿ ಜನಾಂಗದವಳು ಆಕೆ. ಈ ನೆಲದಲ್ಲೇ ತಾನಾಗಿ ಬೆಳೆಯುವ ಗಿಡಗಳ ಸಸಿ ಮಾಡಿ ಮಾರುತ್ತಾಳೆ, ವಸಂತದಲ್ಲಿ ಮೂವರು ಕೆಲಸಗಾರರನ್ನು ಕಟ್ಟಿಕೊಂಡು ಪಾಳು ಬಿದ್ದ ಹುಲ್ಲುಗಾವಲುಗಳಿಗೆ ಲೆಕ್ಕಾಚಾರದಿಂದ ಬೆಂಕಿ ಹಾಕಿ ಶುದ್ಧ ಮಾಡಿಕೊಡುತ್ತಾಳೆ. ನನ್ನಂತೆಯೇ ಚಿಕ್ಕ ವ್ಯಾಪಾರ, ನನ್ನಂತೆಯೇ ಬಿಡುವಿಲ್ಲದವಳು.

"ನನ್ನ ಹಿತ್ತಿಲಲ್ಲಿ ಓಕ್ ಮರ ಇದೆಯಾ?" ಎಂದು ನಾನು ಕೇಳಿದೆ. ಡೆಬ್ರಾ ನನ್ನನ್ನು ಒಂದು ಗಳಿಗೆ ನೋಡಿ ಜೋರಾಗಿ ನಕ್ಕಳು.

ಪೊದೆ ಸರಿಸಿಕೊಂಡು ಒಳಗೆ ಕರೆದೊಯ್ದಳು. ನಮ್ಮ ಮನೆಯ ಡೈನಿಂಗ್ ಟೇಬಲ್ಲಿನಷ್ಟು ಅಗಲದ ಕಾಂಡ. ಕೈಗೆಟುಕುವ ಎತ್ತರದಲ್ಲೇ ಕೊಂಬೆಗಳು ನೆಲಕ್ಕೆ ಸಮನಾಗಿ ನಾಲ್ಕೂ ಕಡೆ ಚಾಚಿದ್ದವು. "ಇಕ್ಕಟ್ಟಿನಲ್ಲಿ ಬೆಳೆದ ಮರ ಬಿಸಿಲು ಹುಡುಕುತ್ತಾ ನೆಟ್ಟಗೆ ಮೇಲೆ ಹೋಗುತ್ತದೆ. ಇದು ಕೈ ಚಾಚಿಕೊಂಡು ಬೆಳೆದಿದೆ. ಅಂದರೆ ಇದು ಚಿಕ್ಕದಿದ್ದಾಗ ಇಲ್ಲೆಲ್ಲ ಬಯಲಿತ್ತು, ಬಿಸಿಲಿತ್ತು. ಬಯಲಾಗಿ ಇಟ್ಟವರು ನಮ್ಮವರು. ಆಗಾಗ ಬೆಂಕಿ ಹಾಕುತ್ತಿದ್ದರು. ಆಮೇಲೆ ನಮ್ಮವರನ್ನು ಓಡಿಸಿದರು, ಬೆಂಕಿಯನ್ನೂ ನಿಲ್ಲಿಸಿದರು. ಆಗ ಈ ಮುಳ್ಳು ಬಂತು" ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಆದರೆ ಜಾಗದ ಪತ್ರ ನನ್ನ ಹೆಸರಿನಲ್ಲಿದೆ ಎಂಬುದು ಆಗ ನೆನಪಾಗಿ ನನಗೆ ಒಂಥರಾ ಆಯಿತು.

ಜೆಸಿಬಿಯ ವಿಷಯ ಹೇಳಿದೆ. ಅವಳು ಬೈಯಲಿಲ್ಲ. "ಒಂದು ವಸಂತ ನನಗೆ ಕೊಡು. ಚಳಿಗಾಲದಲ್ಲಿ ಮುಳ್ಳು ಕಡಿಯೋಣ, ಏಪ್ರಿಲ್‌ನಲ್ಲಿ ಅರ್ಧ ಜಾಗಕ್ಕೆ ಬೆಂಕಿ ಹಾಕೋಣ. ಬೇಸಿಗೆಯಲ್ಲಿ ಏನು ಏಳುತ್ತದೆ ನೋಡು. ಆಮೇಲೂ ನಿನಗೆ ಜಲ್ಲಿಯೇ ಬೇಕೆನಿಸಿದರೆ ನಾನು ಅಡ್ಡ ಬರುವುದಿಲ್ಲ. ಕಾಯಿ ನನಗೆ, ಬೆಂಕಿ ನಿನಗೆ" ಎಂದಳು. ಹೇಗೂ ಚಳಿಗಾಲದಲ್ಲಿ ಯಂತ್ರದವನು ಬರುವುದಿಲ್ಲವಲ್ಲ ಎಂದುಕೊಂಡು ಹೂಂ ಎಂದೆ.

ಅರ್ಧವೇ ಯಾಕೆ ಎಂದು ಕೇಳಿದ್ದೆ. ಒಪ್ಪಿದ ಕೆಲಸವನ್ನು ಪೂರ್ತಿ ಮುಗಿಸಬಾರದೇ ಎಂಬುದು ನನ್ನ ಲೆಕ್ಕ. "ಇಲ್ಲಿರುವ ಹುಳ, ಹಕ್ಕಿ, ಹಾವುಗಳು ಬೆಂಕಿಯ ದಿನ ಎಲ್ಲಿಗೆ ಹೋಗಬೇಕು? ಉಳಿದರ್ಧ ಅವಕ್ಕೆ ನೆಂಟರ ಮನೆ. ಮುಂದಿನ ವರ್ಷ ಅದರ ಸರದಿ" ಎಂದಳು.

ಆ ಚಳಿಗಾಲವೆಲ್ಲ ವಾರಕ್ಕೊಮ್ಮೆ ಬರುತ್ತಿದ್ದಳು. ಕತ್ತಿ ಹಿಡಿಯುವ ಮೊದಲು ಒಂದು ಬಕೆಟ್ ಮಗುಚಿ ಹಾಕಿ ಓಕ್ ಮರದ ಕೆಳಗೆ ನನ್ನನ್ನು ಸುಮ್ಮನೆ ಕೂರಿಸುತ್ತಿದ್ದಳು. "ಏನೂ ಮಾಡಬೇಡ. ನೋಡು." ನನಗೋ ತಲೆಯಲ್ಲಿ ಹತ್ತು ಕೆಲಸ. ಹೀಟರಿನ ಗ್ಯಾಸ್ ಬುಕ್ ಮಾಡಬೇಕು, ಯಾರದೋ ಫೋನಿಗೆ ಉತ್ತರಿಸಬೇಕು. ಜೇಬಿನಿಂದ ಫೋನ್ ತೆಗೆದರೆ ಸಾಕು, ಅವಳು ಗಂಟಲು ಸರಿ ಮಾಡಿಕೊಳ್ಳುವಳು. ಶಾಲೆಯಲ್ಲಿ ಬೆಂಚಿನ ಮೇಲೆ ನಿಂತ ಹಾಗೆ ಅನಿಸುತ್ತಿತ್ತು. ಮೊದಮೊದಲು ಕಂಡದ್ದು ಹಿಮ, ಕಡ್ಡಿ, ಮತ್ತೆ ಹಿಮ. ಫೆಬ್ರವರಿಯ ಹೊತ್ತಿಗೆ ಮೊಲದ ಹೆಜ್ಜೆ ಯಾವುದು, ಅಳಿಲಿನದು ಯಾವುದು ಎಂದು ತಿಳಿಯತೊಡಗಿತು. ಅಷ್ಟಕ್ಕೇ ನನಗೆ ಎಂಥ ಜಂಬವೆಂದರೆ ಮನೆಯಲ್ಲಿ ಮಹೇಶನ ತಲೆ ತಿಂದುಹಾಕಿದೆ.

ಮಾರ್ಚ್ ಕೊನೆಗೆ ಇನ್ನೊಂದು ತಮಾಷೆ ನಡೆಯಿತು. ಸಂಜೆಯಾದರೆ ಗ್ರೀನ್‌ಹೌಸಿನ ಹಿಂದಿನಿಂದ 'ಪೀಂಟ್, ಪೀಂಟ್' ಎಂದು ಸದ್ದು ಬರತೊಡಗಿತು. ಎಕ್ಸಾಸ್ಟ್ ಫ್ಯಾನ್ ಕೆಟ್ಟಿತೆಂದು ಮಹೇಶನನ್ನು ಕರೆದೆ. ಅವನು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್, ಮೈಸೂರಿನವನು. ಎಂಥ ಸದ್ದಿಗೂ ಅವನ ಬಳಿ ಒಂದು ಕಾರಣವಿರುತ್ತದೆ.

"ಬೇರಿಂಗ್ ಹೋಗಿದೆ ಕಣೇ. ಎಣ್ಣೆ ಬಿಟ್ರೆ ಸರಿಹೋಗುತ್ತೆ" ಎಂದು ಏಣಿ ಹತ್ತಿ ಎಣ್ಣೆ ಬಿಟ್ಟ. ಮರುದಿನವೂ ಪೀಂಟ್. ಮತ್ತೆ ಎಣ್ಣೆ. ವಾರ ಕಳೆದ ಮೇಲೆ ಡೆಬ್ರಾಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ವುಡ್‌ಕಾಕ್! ಗಂಡು ಹಕ್ಕಿ ಹೆಣ್ಣನ್ನು ಕರೆಯುತ್ತಿದೆ. ಪಾಪ, ಅವನ ಪ್ರೇಮಕ್ಕೆ ನಿನ್ನ ಗಂಡ ಎಣ್ಣೆ ಹಾಕುತ್ತಿದ್ದಾನಾ?" ಅಂದಿನಿಂದ ನಮ್ಮ ಮನೆಯಲ್ಲಿ ಏನೇ ಸದ್ದಾದರೂ "ಎಣ್ಣೆ ಬಿಡು" ಎನ್ನುವುದು ರೂಢಿಯಾಯಿತು.

ಬೆಂಕಿಯ ದಿನ ಬಂತು. ಅಗ್ನಿಶಾಮಕದವರಿಗೆ ತಿಳಿಸಿ ಆಗಿತ್ತು. ಗಾಳಿ ಗ್ರೀನ್‌ಹೌಸಿನ ಕಡೆಯಿಂದ ಬಯಲಿನತ್ತ ಬೀಸುವ ದಿನಕ್ಕಾಗಿಯೇ ಡೆಬ್ರಾ ಕಾದಿದ್ದಳು. ಉಪಾಯ ಸರಳವಾಗಿತ್ತು. ಗ್ರೀನ್‌ಹೌಸಿಗೆ ಅಂಟಿಕೊಂಡಿರುವ ಒಣಹುಲ್ಲಿನ ಪಟ್ಟಿಯನ್ನು ಎಲ್ಲಕ್ಕಿಂತ ಮೊದಲು ಹಿಡಿತದಲ್ಲಿಟ್ಟುಕೊಂಡು ಸುಟ್ಟುಬಿಡುವುದು. ಒಮ್ಮೆ ಸುಟ್ಟು ಕಪ್ಪಾದ ನೆಲದಲ್ಲಿ ಬೆಂಕಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಆಮೇಲೆ ಒಳಗೆ ಎಷ್ಟು ಉರಿದರೂ ನನ್ನ ಕರಿಬೇವಿಗೆ ಭಯವಿಲ್ಲ.

ಹಚ್ಚುವ ಮೊದಲು ಅವಳು ಒಬ್ಬಳೇ ಓಕ್ ಮರದ ಬುಡಕ್ಕೆ ಹೋಗಿ, ಚೀಲದಿಂದ ಚಿಟಿಕೆ ಹೊಗೆಸೊಪ್ಪು ತೆಗೆದು ನೆಲಕ್ಕಿಟ್ಟು, ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿ ಬಂದಳು. ಆಮೇಲೆ ಎಲ್ಲರೂ ಸಾಲಾಗಿ ಜಾಗವನ್ನೆಲ್ಲ ನಡೆದು ನೋಡಬೇಕೆಂದಳು. ಹುಲ್ಲಿನ ಪಟ್ಟಿಗೆ ಬಂದಾಗ ಥಟ್ಟನೆ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದಳು. "ಅಲ್ಲಿ" ಎಂದು ಪಿಸುಗುಟ್ಟಿದಳು.

ನನಗೆ ತರಗೆಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಸ್ವಲ್ಪ ಹೊತ್ತು ನೋಡಿದ ಮೇಲೆ ತರಗೆಲೆಯ ನಡುವೆ ಒಂದು ಕಪ್ಪು ಕಣ್ಣು ಕಂಡಿತು. ಆಮೇಲೆ ಉದ್ದ ಕೊಕ್ಕು, ಆಮೇಲೆ ಇಡೀ ಹಕ್ಕಿ. ಕಂದು ಬಣ್ಣದ, ಕೋಳಿಮರಿಗಿಂತ ಸ್ವಲ್ಪ ದಪ್ಪಗಿನ ಹಕ್ಕಿ, ನಾನು ಬಗ್ಗಿದರೆ ಮುಟ್ಟಬಹುದಾದಷ್ಟು ಹತ್ತಿರ. ಮೊಟ್ಟೆಯ ಮೇಲೆ ಕೂತಿತ್ತು. ಅಲುಗಲಿಲ್ಲ. ನಮ್ಮ ಫ್ಯಾನ್ ಪ್ರೇಮಿಯ ಹೆಂಡತಿ.

ಡೆಬ್ರಾ ನಮ್ಮನ್ನು ಹಿಂದಕ್ಕೆ ಕರೆತಂದಳು. ಮೊದಲ ಸಲ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. "ಈ ಪಟ್ಟಿ ಸುಟ್ಟರೆ ಗೂಡು ಹೋಗುತ್ತದೆ. ಸುಡದಿದ್ದರೆ ನಿನ್ನ ಪ್ಲಾಸ್ಟಿಕ್‌ಗೂ ಬೆಂಕಿಗೂ ನಡುವೆ ಒಣಹುಲ್ಲು ಉಳಿಯುತ್ತದೆ. ಮುಂದಕ್ಕೆ ಹಾಕೋಣವೆಂದರೆ ಇನ್ನೊಂದು ವಾರದಲ್ಲಿ ಎಲ್ಲ ಚಿಗುರುತ್ತದೆ, ಈ ವರ್ಷ ಕೈಬಿಟ್ಟಂತೆ. ನನ್ನ ಕೆಲಸ ನನಗೆ ಗೊತ್ತು, ಕಾಯುತ್ತೇನೆ. ಆದರೂ ಏನೂ ಆಗುವುದಿಲ್ಲ ಎಂದು ಮಾತು ಕೊಡಲಾರೆ. ಗಿಡ ನಿನ್ನದು, ನೀನು ಹೇಳು."

ಮಹೇಶ್ ನನ್ನ ಮುಖ ನೋಡಿದ. ನಾನು ಗ್ರೀನ್‌ಹೌಸ್ ನೋಡಿದೆ. ಮೂರು ಬೇಸಿಗೆಯ ಗಿಡಗಳು, ಮೇ ತಿಂಗಳಿಗೆ ಬರುವ ಗಿರಾಕಿಗಳು, ಇಲ್ಲಿಯವರೆಗೆ ತಂದ ನನ್ನ ಹಠ, ಎಲ್ಲ ಒಳಗಿತ್ತು. ನಾನೇನೂ ಮಹಾ ಕರುಣಾಮಯಿಯಲ್ಲ. ಅಡುಗೆಮನೆಯಲ್ಲಿ ಜಿರಳೆ ಕಂಡರೆ ಮೊದಲು ಚಪ್ಪಲಿ ಹುಡುಕುವವಳು. ಆದರೆ ಆ ಕಣ್ಣು ನನ್ನನ್ನು ನೋಡಿಯಾಗಿತ್ತು. ಬಾಣಂತಿಯನ್ನು ಹಾಸಿಗೆಯಿಂದ ಎಬ್ಬಿಸಿ ಎಂದು ಯಾರ ಬಾಯಲ್ಲಾದರೂ ಬರುತ್ತದೆಯೇ?

"ಬಾಣಂತಿ ಕೂತಿದಾಳೆ ಮಹೇಶ್, ಬಿಡು" ಎಂದೆ.

ಅದರ ಅರ್ಥವೇನೆಂದು ಡೆಬ್ರಾ ಕೇಳಿದಳು. ನಮ್ಮಲ್ಲಿ ಹೆತ್ತವಳನ್ನು ಬೆಚ್ಚಗೆ ಕೂರಿಸಿ, ಗಾಳಿಗೆ ಬಿಡದೆ, ಮೂರು ತಿಂಗಳು ನೋಡಿಕೊಳ್ಳುವ ಪದ್ಧತಿಯನ್ನು ವಿವರಿಸಿದೆ. "ಹಾಗಾದರೆ ಇವತ್ತಿನ ಕೆಲಸದಲ್ಲಿ ಈ ಪಟ್ಟಿಯ ಹೆಸರು ಬಾಣಂತಿ" ಎಂದು ತನ್ನ ಮೂವರು ಹುಡುಗರಿಗೂ ಹೇಳಿಕೊಟ್ಟಳು. ನನ್ನ ಕೈಗೆ ಪೈಪು ಕೊಟ್ಟು, ಪಟ್ಟಿಯ ಅಂಚನ್ನು ತೋಯಿಸುತ್ತಾ ಅಲ್ಲೇ ನಿಂತಿರು, ಗೂಡಿನ ಮೇಲೆ ಮಾತ್ರ ನೀರು ಬೀಳಬಾರದು ಎಂದಳು.

ಅಷ್ಟರಲ್ಲಿ ಸರೋಜಾ ಆಂಟಿಯ ಕಾರು ಬಂದು ನಿಂತಿತು. ಫಾರ್ಮಿಂಗ್ಟನ್ ಹಿಲ್ಸ್‌ನ ಸರೋಜಾ ಆಂಟಿಯೆಂದರೆ ಧಾರವಾಡದವರು, ಎಪ್ಪತ್ತು ದಾಟಿದವರು, ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ರಿಟೈರ್ ಆದವರು. ಈಗ ನಮ್ಮ ಕಡೆಯ ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಯಾವುದೂ ಅವರ ಮೇಲ್ವಿಚಾರಣೆ ಇಲ್ಲದೆ ನಡೆಯುವುದಿಲ್ಲ. ನನ್ನ ಮೊದಲ ಗಿರಾಕಿಯೂ ಅವರೇ. ಸೀರೆಯ ಮೇಲೆ ಉದ್ದನೆಯ ಉಣ್ಣೆ ಕೋಟು, ಕಾಲಿಗೆ ವಾಕಿಂಗ್ ಶೂ, ಕೈಯಲ್ಲೊಂದು ಚೀಲ.

"ಏನವಾ ಶೈಲಾ, ಸ್ವಂತ ಜಾಗಕ್ಕ ಬೆಂಕಿ ಹಚ್ಚಾಕತ್ತಿ, ಒಂದ್ ಪೂಜಿ ಇಲ್ಲ, ಏನಿಲ್ಲ? ಅಗ್ನಿಗೆ ಬರೇ ಮುಳ್ಳು ತಿನಸ್ತೀಯೇನ?"

"ಆಂಟಿ, ಡೆಬ್ರಾ ಅವರದು ಬೆಳಿಗ್ಗೇನೇ ಆಯ್ತು."

"ಅವರದು ಅವರು ಮಾಡ್ಯಾರ. ನಮ್ಮದು ನಾವು ಮಾಡಬೇಕಲ್ಲ?"

ನಾನು ಪೈಪು ಬಿಟ್ಟು ಅಲುಗುವ ಹಾಗಿರಲಿಲ್ಲ. ಅವರ ಜೊತೆ ವಾದ ಮಾಡಿ ಗೆದ್ದವರನ್ನೂ ನಾನು ಕಂಡಿಲ್ಲ.

ಬೆಂಕಿ ಹಚ್ಚಿದ್ದನ್ನು ನೋಡುವುದೇ ಒಂದು ಸೊಗಸು. ನಾನು ಭಗ್ಗೆಂದು ಎಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತದೆ ಎಂದುಕೊಂಡಿದ್ದೆ. ಹುಡುಗರು ಕೆಟಲ್‌ನಂಥ ಡಬ್ಬಿಯಿಂದ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ನೆಲಕ್ಕೆ ಬಿಡುತ್ತಾ ನಡೆದರು. ಗಾಳಿಗೆ ಎದುರಾಗಿ, ಮೊಣಕಾಲೆತ್ತರದ ಉರಿ ಸರಸರ ಸದ್ದು ಮಾಡುತ್ತಾ ನಿಧಾನಕ್ಕೆ ತೆವಳಿತು. ಡೆಬ್ರಾ ಅದರ ಪಕ್ಕ ದನ ಹೊಡೆದುಕೊಂಡು ಹೋಗುವವಳ ಹಾಗೆ ಆರಾಮಾಗಿ ನಡೆಯುತ್ತಿದ್ದಳು. ಓಕ್ ಮರದ ಬುಡಕ್ಕೆ ಬಂದ ಉರಿ ಅದರ ದಪ್ಪ ತೊಗಟೆಯನ್ನು ಸವರಿ ಮುಂದೆ ಹೋಯಿತು, ಮರಕ್ಕೆ ಏನೂ ಆಗಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅರ್ಧ ಜಾಗ ಕಪ್ಪಾಗಿ, ನಡುವೆ ಒಟ್ಟಿದ್ದ ಮುಳ್ಳಿನ ರಾಶಿಯೊಂದು ಮಾತ್ರ ಉರಿಯುತ್ತಿತ್ತು. ನನ್ನ ಪಟ್ಟಿ ಹಾಗೇ ಹೊಂಬಣ್ಣದಲ್ಲಿ ನಿಂತಿತ್ತು. ಬಾಣಂತಿ ಜಪ್ಪಯ್ಯ ಎನ್ನಲಿಲ್ಲ.

"ರಾಶಿಯ ಹತ್ತಿರ ಒಬ್ಬ ಇರಲಿ, ಉಳಿದವರು ಉಸಿರಾಡಿ" ಎಂದಳು ಡೆಬ್ರಾ. ನಾನು ಪೈಪು ಕೆಳಗಿಟ್ಟು, ಫ್ಲಾಸ್ಕಿನ ಚಹಾ ಬಗ್ಗಿಸಿ, ಆಂಟಿ ತಂದಿದ್ದ ಗಿರ್ಮಿಟ್ ಹಂಚಿದೆ. ಹುಡುಗರು ಖಾರಕ್ಕೆ ಹಾ ಹಾ ಎನ್ನುತ್ತಲೇ ಮತ್ತೆ ಮತ್ತೆ ಹಾಕಿಸಿಕೊಂಡರು. ಗಾಳಿ ತಿರುಗಿತ್ತು. ನನ್ನ ಕೂದಲು ಈಗ ಗ್ರೀನ್‌ಹೌಸಿನ ಕಡೆಗೆ ಹಾರುತ್ತಿತ್ತು. ಡೆಬ್ರಾ ಅದನ್ನು ಗಮನಿಸಿ ಎದ್ದು ನಿಂತಳು.

ಆ ಹೊತ್ತಿಗೆ ಸರಿಯಾಗಿ ಬಾಂಬು ಬಿದ್ದಂತೆ ಢಮ್ಮೆಂದಿತು.

ಮುಳ್ಳಿನ ರಾಶಿ ಎದ್ದು ಕೂತ ಹಾಗಾಯಿತು. ಕಿಡಿಗಳು, ಕೆಂಡ, ಇನ್ನೇನೋ ಚೂರುಗಳು ನಾಲ್ಕೂ ಕಡೆ ಹಾರಿದವು. ಕಾವಲಿದ್ದ ಹುಡುಗ ನೆಲಕ್ಕೆ ಬಗ್ಗಿದ. ಎರಡು ಮೂರು ಕೆಂಡ ನೇರವಾಗಿ ಬಂದು ನನ್ನ ಹೊಂಬಣ್ಣದ ಹುಲ್ಲಿನ ಮೇಲೆ ಬಿದ್ದವು. ಮೊದಲು ಹೊಗೆ, ಮರುಕ್ಷಣ ಉರಿ. ಗಾಳಿ ಅದನ್ನು ನನ್ನ ಪ್ಲಾಸ್ಟಿಕ್ ಗೋಡೆಯ ಕಡೆಗೆ ನೂಕುತ್ತಿತ್ತು.

ಓಡಿಹೋಗಿ ಪೈಪು ಎತ್ತಿದೆ. ನೀರಿಲ್ಲ! ಹಿಡಿ ಎಷ್ಟು ಒತ್ತಿದರೂ ಒಂದು ಹನಿ ಇಲ್ಲ. ತಿರುಗಿ ನೋಡಿದರೆ ಮಹೇಶ್ ಕೈಯಲ್ಲಿ ಗಿರ್ಮಿಟ್ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದಾನೆ.

"ನಾನೇ ಆಫ್ ಮಾಡ್ದೆ ಕಣೇ! ಸುಮ್ನೆ ನೀರು ಪೋಲಾಗ್ತಿತ್ತು!"

ದಿನಕ್ಕೆ ಒಂದು ಗಂಟೆ ನಲ್ಲಿ ನೀರು ಬರುವ ಬೀದಿಯಲ್ಲಿ ಬೆಳೆದವನು. ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದರೂ ಹರಿಯುವ ನೀರು ಕಂಡರೆ ಅವನ ಕೈ ತಾನಾಗಿ ನಲ್ಲಿಗೆ ಹೋಗುತ್ತದೆ. ತಟ್ಟೆ ಎಸೆದು, ನಲ್ಲಿಯಿದ್ದ ಶೆಡ್ಡಿನ ಕಡೆ ಓಡಿದ. ಡೆಬ್ರಾ ಮತ್ತು ಹುಡುಗರು ಉರಿಯನ್ನು ಬಡಿದು ಆರಿಸುವ ರಬ್ಬರ್ ಪಟ್ಟಿಯ ಕೋಲು ಹಿಡಿದು ಆಚೆ ತುದಿಯಿಂದ ಬರುತ್ತಿದ್ದರು. ನಾನು ಒಣ ಪೈಪು ಹಿಡಿದು ಅಳುವುದೊಂದು ಬಾಕಿ.

ಆಗ ನನ್ನ ಪಕ್ಕದಿಂದ ಸರೋಜಾ ಆಂಟಿ ನುಗ್ಗಿದರು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಉಣ್ಣೆ ಕೋಟು ಕಳಚಿ, ಅಗಸರು ಬಟ್ಟೆ ಒಗೆಯುವಂತೆ ಉರಿಯನ್ನು ಬಡಿದರು. ಹಕ್ಕಿ ಭುರ್ರೆಂದು ಅವರ ಮುಖಕ್ಕೆ ಸವರಿಕೊಂಡೇ ಹಾರಿಹೋಯಿತು. ಅವರು ಕೆಳಗೆ ನೋಡಿದರು. ತರಗೆಲೆಯ ನಡುವೆ ನಾಲ್ಕು ಮೊಟ್ಟೆ.

"ನಿಲ್ರಿ! ಇಲ್ಲೆ ಕಾಲಿಡಬ್ಯಾಡ್ರಿ!" ಎಂದು ಕೋಟು ಅಡ್ಡ ಹಿಡಿದು ಕೂಗಿದರು. ಓಡಿ ಬರುತ್ತಿದ್ದ ಆ ಅಮೆರಿಕನ್ ಹುಡುಗರು ಅಪ್ಪಟ ಧಾರವಾಡ ಕನ್ನಡಕ್ಕೆ ಗಕ್ಕನೆ ನಿಂತು, ಸುತ್ತು ಹಾಕಿಕೊಂಡು ಬಂದರು. ಅಷ್ಟರಲ್ಲಿ ನನ್ನ ಕೈಯ ಪೈಪು ಒದೆಯಿತು, ನೀರು ಬಂತು. ಪ್ಲಾಸ್ಟಿಕ್ ಗೋಡೆ ಆಗಲೇ ಸುರುಟಿಕೊಳ್ಳುತ್ತಿತ್ತು. ಹುಚ್ಚು ಹಿಡಿದವಳಂತೆ ನೀರು ಹಾರಿಸಿದೆ. ಉರಿ ಸುಂಯ್ಯೆಂದು ಸತ್ತಿತು. ಗೋಡೆಯಲ್ಲಿ ಊಟದ ತಟ್ಟೆಯಷ್ಟಗಲದ ತೂತು ಬಿದ್ದಿತ್ತು. ಅದರೊಳಗಿನಿಂದ ನನ್ನ ಕರಿಬೇವಿನ ಗಿಡಗಳು ಏನೂ ಆಗಿಲ್ಲವೆಂಬಂತೆ ಹಸಿರಾಗಿ ನನ್ನನ್ನು ನೋಡುತ್ತಿದ್ದವು. ನಾನು ಅಲ್ಲೇ ಕೆಸರಿನಲ್ಲಿ ಕುಸಿದು ಕೂತೆ.

ಎಲ್ಲ ಆರಿದ ಮೇಲೆ ಡೆಬ್ರಾ ನೆಲದಿಂದ ಒಂದು ಕರಿಕಲು ಚೂರು ಎತ್ತಿಕೊಂಡು ಬಂದಳು. "ಇದೇನು?"

ಸರೋಜಾ ಆಂಟಿ ಡಾಕ್ಟರಿಕೆಯ ದನಿಯಲ್ಲಿ, ಇಂಗ್ಲಿಷಿನಲ್ಲಿ, "ನಾನು ಹಾಕಿದ್ದು. ತೆಂಗಿನಕಾಯಿ. ಬೆಂಕಿಗೆ ನೈವೇದ್ಯ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಪೂರ್ಣಾಹುತಿಗೆ ಒಣಾ ಕೊಬ್ರಿ ಬೇಕವಾ. ಎಲ್ಲೆಲ್ಲೂ ಸಿಗಲಿಲ್ಲ. ಇಂಡಿಯನ್ ಸ್ಟೋರಿನಾಗ ಹಸೀ ಕಾಯಿ ಇತ್ತು, ತಂದೆ. ದೇವರಿಗೆ ಏನ್ ಫರಕ್ ಬೀಳ್ತದ ಅಂದ್ಕೊಂಡೆ" ಎಂದರು. ದೇವರಿಗೆ ಬೀಳದ ಫರಕು ಕಾಯಿಯೊಳಗಿನ ನೀರಿಗೆ ಬಿದ್ದಿತ್ತು. ಯಾರೂ ನೋಡದಾಗ ಅರಿಶಿನ ಕುಂಕುಮ ಹಚ್ಚಿ ಇಡೀ ಕಾಯಿಯನ್ನು ರಾಶಿಯ ಬುಡಕ್ಕೆ ಉರುಳಿಸಿದ್ದರಂತೆ. ಅದು ಒಳಗೇ ಕುದಿದು ಸಿಡಿದಿತ್ತು.

ಡೆಬ್ರಾ ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ ಹೇಳಿದಳು: "ನಾನೂ ಬೆಳಿಗ್ಗೆ ಕೊಟ್ಟೆ. ಕೊಡುವುದು ತಪ್ಪಲ್ಲ. ಆದರೆ ಬೆಂಕಿಯ ದಿನ ಯಾರೂ ಒಬ್ಬೊಬ್ಬರೇ ಏನನ್ನೂ ಮಾಡಬಾರದು. ದೇವರಿಗೆ ಗೊತ್ತಿದ್ದರೆ ಸಾಲದು, ನನ್ನ ಹುಡುಗರಿಗೂ ಗೊತ್ತಿರಬೇಕು."

ಆಂಟಿ ಕೈಯಲ್ಲಿದ್ದ ಸುಟ್ಟ ಕೋಟನ್ನು ಮಡಚಿಕೊಂಡರು. "ಆಪರೇಷನ್ ನಡೆಯುವಾಗ ನನಗೆ ಹೇಳದೆ ಯಾರಾದರೂ ಔಷಧಿ ಕೊಟ್ಟಿದ್ದರೆ ನಾನು ಅವರ ಚರ್ಮ ಸುಲಿಯುತ್ತಿದ್ದೆ. ನೀವು ಹೇಳಿದ್ದು ಸರಿ. ಕ್ಷಮಿಸಿ" ಎಂದರು. ಅವರು ಕ್ಷಮೆ ಕೇಳಿದ್ದನ್ನು ಕಂಡ ಕನ್ನಡಿಗರು ಈ ರಾಜ್ಯದಲ್ಲಿ ನಾನು ಮತ್ತು ಮಹೇಶ್ ಇಬ್ಬರೇ. ಡೆಬ್ರಾ ಆ ಚಿಪ್ಪಿನ ಚೂರನ್ನು ಮೂಗಿಗೆ ಹಿಡಿದು, "ವಾಸನೆ ಮಾತ್ರ ಚೆನ್ನಾಗಿದೆ" ಎಂದಳು. ಆಗ ಎಲ್ಲರಿಗೂ ಒಟ್ಟಿಗೆ ನಗು ಬಂತು. ಹೆದರಿಕೆ ಇಳಿದಾಗ ಬರುವ ನಗು, ನಿಲ್ಲಿಸಲು ಆಗುವುದಿಲ್ಲ.

ಆದರೆ ಹಕ್ಕಿ ಬಂದಿರಲಿಲ್ಲ. "ಬರಬಹುದು, ಬರದೆಯೂ ಇರಬಹುದು. ನಾವು ಇಲ್ಲಿಂದ ಹೋದರಷ್ಟೇ ಅದಕ್ಕೆ ಧೈರ್ಯ" ಎಂದು ಡೆಬ್ರಾ ಎಲ್ಲರನ್ನೂ ಮುಂಭಾಗಕ್ಕೆ ಕರೆದೊಯ್ದಳು.

ನನಗೆ ಮನಸ್ಸು ತಡೆಯಲಿಲ್ಲ. ಗ್ರೀನ್‌ಹೌಸಿನೊಳಗೆ ಹೋಗಿ, ಗಿಡಗಳ ನಡುವೆ ಬಕೆಟ್ ಮಗುಚಿ ಹಾಕಿ, ಆ ಸುಟ್ಟ ತೂತಿನ ಮುಂದೆ ಕೂತೆ. ಅಲ್ಲಿಂದ ಗೂಡಿನ ಜಾಗ ನೇರ ಕಾಣುತ್ತಿತ್ತು. ಅರ್ಧ ಕಪ್ಪು, ಅರ್ಧ ಕಂದು. ಫೋನ್ ಮುಟ್ಟಲಿಲ್ಲ. ಕರಿಬೇವಿನ ವಾಸನೆ, ಹೊಗೆಯ ವಾಸನೆ, ತಣ್ಣಗಾಗುತ್ತಿದ್ದ ಗಾಳಿ. ಗಿಡ ಉಳಿಯಿತಲ್ಲ, ಸಾಕಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ಸಾಲಲಿಲ್ಲ. ನನ್ನ ಗಿಡ ಉಳಿದು ಅವಳ ಮೊಟ್ಟೆ ತಣ್ಣಗಾದರೆ ನಾನು ಬಿಟ್ಟುಕೊಟ್ಟದ್ದಾದರೂ ಏನು? ಬಿಸಿಲು ಇಳಿಯಿತು. ಹಕ್ಕಿ ಹಾರಿ ಬರುತ್ತದೆಂದು ಆಕಾಶ ನೋಡಿದೆ, ಪೊದೆ ನೋಡಿದೆ, ಮತ್ತೆ ಆಕಾಶ ನೋಡಿದೆ. ಏನೂ ಬರಲಿಲ್ಲ. ಕೊನೆಗೆ ಆಸೆ ಬಿಟ್ಟು, ಪಾಪ, ಆ ಮೊಟ್ಟೆಗಳನ್ನಾದರೂ ಒಮ್ಮೆ ನೋಡೋಣವೆಂದು ಗೂಡಿನ ಮೇಲೆ ಕಣ್ಣು ನೆಟ್ಟೆ.

ತರಗೆಲೆಯ ನಡುವೆ ಒಂದು ಕಪ್ಪು ಕಣ್ಣು ನನ್ನನ್ನೇ ನೋಡುತ್ತಿತ್ತು.

ಯಾವಾಗ ಬಂದಳೋ! ನಾನು ಮೇಲೆ ನೋಡುತ್ತಾ ಕೂತಿದ್ದಾಗ ಅವಳು ನೆಲದ ಮೇಲೆ ನಡೆದುಕೊಂಡೇ ಬಂದು ಕೂತಿದ್ದಳು. ಅಲ್ಲೇ ಇದ್ದವಳನ್ನು ನಾನು ಕಂಡಿರಲಿಲ್ಲ, ಅಷ್ಟೇ. ನನಗ್ಯಾಕೋ ಅಳು ಬಂದುಬಿಟ್ಟಿತು. ಸದ್ದು ಮಾಡಬಾರದೆಂದು ಸೆರಗಿಲ್ಲದ ಜಾಕೆಟ್ಟಿನ ತೋಳನ್ನೇ ಬಾಯಿಗಿಟ್ಟುಕೊಂಡು ಅತ್ತೆ. ಹೊರಗೆ ಬಂದು ಹೇಳಿದಾಗ ಡೆಬ್ರಾ ತನ್ನ ಭಾಷೆಯಲ್ಲಿ "ಮಿಗ್ವೆಚ್" ಎಂದಳು, ಧನ್ಯವಾದ ಎಂದು ಅದರ ಅರ್ಥವಂತೆ. ನನಗೆ ಹೇಳಿದಳೋ ಹಕ್ಕಿಗೆ ಹೇಳಿದಳೋ ಗೊತ್ತಾಗಲಿಲ್ಲ. ಆಂಟಿ ಮಾತ್ರ, "ಬಾಣಂತಿ ಮನಿಗೆ ಬಂದ್ಲಂತ ಅನ್ರಿ, ಇನ್ನ ಊಟ ಮಾಡೂಣು" ಎಂದರು.

ಆ ಬೇಸಿಗೆಯಲ್ಲಿ ಸುಟ್ಟ ನೆಲದಿಂದ ನಾನು ನೆಟ್ಟಿರದ, ಹೆಸರೂ ಗೊತ್ತಿರದ ನೀಲಿ ಹೂಗಳೆದ್ದವು. ಬೀಜ ಇಷ್ಟು ವರ್ಷ ಒಳಗೇ ಕಾದಿತ್ತೆಂದು ಡೆಬ್ರಾ ಹೇಳಿದಳು. ಜೆಸಿಬಿಯವನಿಗೆ ಬೇಡವೆಂದೆ. ಎರಡನೆಯ ಗ್ರೀನ್‌ಹೌಸ್ ಇಲ್ಲದೆಯೂ ವ್ಯಾಪಾರ ನಡೆಯುತ್ತಿದೆ, ಸ್ವಲ್ಪ ಇಕ್ಕಟ್ಟಾಗುತ್ತದೆ ಅಷ್ಟೇ. ಪ್ಲಾಸ್ಟಿಕ್ ಹಾಳೆ ಬದಲಿಸಲಿಲ್ಲ. ತೂತಿಗೆ ಪಾರದರ್ಶಕ ತೇಪೆ ಹಾಕಿದ್ದೇನೆ, ಗಿಡ ಕೊಳ್ಳಲು ಬಂದ ಮಕ್ಕಳು ಅಲ್ಲಿ ಮೂಗು ಒತ್ತಿ ಹೊರಗೆ ನೋಡುತ್ತಾರೆ.

ಮರುವರ್ಷ ಉಳಿದರ್ಧದ ಸರದಿ ಬಂದಾಗ ಡೆಬ್ರಾ ಮೊದಲು ಫೋನ್ ಮಾಡಿದ್ದು ನನಗಲ್ಲ, ಸರೋಜಾ ಆಂಟಿಗೆ. ಕಾಯಿ ತರಬೇಕೆಂದು ಕಟ್ಟಪ್ಪಣೆ. ಆಂಟಿ ಆ ಸುಟ್ಟ ಕೋಟನ್ನೇ ಹಾಕಿಕೊಂಡು ಬಂದರು. ಓಕ್ ಮರದ ಬುಡದಲ್ಲಿ ಅವಳು ಹೊಗೆಸೊಪ್ಪಿಟ್ಟ ಜಾಗದ ಪಕ್ಕದಲ್ಲೇ, ಎಲ್ಲರನ್ನೂ ಕರೆದು, ಎಲ್ಲರೆದುರು ಕಾಯಿ ಒಡೆದು ನೀರನ್ನು ನೆಲಕ್ಕೆ ಬಿಟ್ಟರು. ಹೋಳುಗಳನ್ನು ಬೆಲ್ಲದ ಜೊತೆ ಹುಡುಗರು ತಿಂದು ಮುಗಿಸಿದರು. ಮಹೇಶನನ್ನು ನಲ್ಲಿಯ ಹತ್ತಿರ ಕಾವಲಿಗೆ ನಿಲ್ಲಿಸಿದ್ದೆವು, ಮುಟ್ಟಬಾರದೆಂದು ಹೇಳಿ.

ಈಗ ಹಿತ್ತಿಲಿಗೆ ಹೋಗುವಾಗ ಅಂಚಿನಲ್ಲಿ ಒಮ್ಮೆ ನಿಲ್ಲುತ್ತೇನೆ. ಯಾರಾದರೂ ಕೂತಿದ್ದಾರೆಯೇ ಎಂದು ನೋಡಿದ ಮೇಲೇ ಕಾಲಿಡುತ್ತೇನೆ. ಯಾರ ಮನೆಗೇ ಹೋದರೂ ಬಾಗಿಲಲ್ಲಿ ನಿಂತು ಕೂಗುತ್ತೇವಲ್ಲ, ಹಾಗೆ. ಈ ವರ್ಷವೂ ಯುಗಾದಿಯ ನಂತರದ ಒಂದು ಸಂಜೆ ಅಲ್ಲಿ ನಿಂತಿದ್ದೆ. ಹೊತ್ತು ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಈ ಸಲ ಬಂದಿಲ್ಲವೇನೋ ಎಂದುಕೊಂಡೆ. ಆಗ ಹುಲ್ಲಿನ ಆಚೆಯಿಂದ ಕೇಳಿತು: ಪೀಂಟ್.

ಬೆನ್ನ ಹಿಂದಿನಿಂದ ಮಹೇಶ್ ಪಿಸುಗುಟ್ಟಿದ: "ಎಣ್ಣೆ ತರಲಾ?"

"ಶ್, ಬಾಯಿ ಮುಚ್ಚಿ ನಿಂತ್ಕೋ" ಎಂದೆ. ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದೆವು.